ಕೃಷಿ ಹೊಂಡದ ಮಂಜೂರಾತಿ: ಪಹಣಿಯಿಂದ ಬಿಲ್ಲಿನವರೆಗೆ ಹಂತ ಹಂತವಾಗಿ

‘ಹೊಂಡ ತೋಡಿಸಿ ವರ್ಷ ಆಯ್ತು, ಸಹಾಯಧನ ಮಾತ್ರ ಬರಲಿಲ್ಲ.’ ಪ್ರತಿ ಬೇಸಿಗೆಯಲ್ಲೂ ಈ ಮಾತು ಕಿವಿಗೆ ಬೀಳುತ್ತದೆ. ಹೇಳುವ ಊರು ಬೇರೆ, ಹೇಳುವ ರೈತ ಬೇರೆ, ಆದರೆ ಕಾಗದಪತ್ರ ಬಿಚ್ಚಿ ನೋಡಿದರೆ ತಪ್ಪು ಮಾತ್ರ ಹೆಚ್ಚುಕಡಿಮೆ ಒಂದೇ. ಕೊನೆಗೆ ಬರಬೇಕಾದ ಹಿಟಾಚಿ ಮೊದಲು ಬಂದಿರುತ್ತದೆ. ಮೊದಲು ಆಗಬೇಕಿದ್ದ ಪೌತಿ ಖಾತೆ (ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಇನ್ನೂ ಆಗಿರುವುದಿಲ್ಲ.

ಆದ್ದರಿಂದ ಇಲ್ಲಿ ಹೊಂಡದ ಗುಣಗಾನ ಮಾಡುವುದಿಲ್ಲ. ಯಾವ ಕೆಲಸದ ನಂತರ ಯಾವುದು, ಎಲ್ಲಿ ಜನ ಎಡವುತ್ತಾರೆ, ಯಾವ ಲಕ್ಷಣ ಕಂಡರೆ ನಿಲ್ಲಬೇಕು ಎಂಬುದಷ್ಟೇ ಇದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಶುರುವಿಗೆ ಮುನ್ನ: ಅನುಮತಿ ಬೇರೆ, ಮಂಜೂರಾತಿ ಬೇರೆ

ಈ ಎರಡನ್ನು ಒಂದೇ ಎಂದುಕೊಂಡು ಕಚೇರಿ ಕಚೇರಿ ಅಲೆಯುವವರಿದ್ದಾರೆ.

ನಿಮ್ಮ ಸ್ವಂತ ಸಾಗುವಳಿ ಜಮೀನಿನಲ್ಲಿ, ಬೇಸಾಯಕ್ಕೆಂದೇ ಹೊಂಡ ತೋಡಲು ಭೂಪರಿವರ್ತನೆ ಬೇಕಿಲ್ಲ. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 95(1)ನೇ ಪ್ರಕರಣವೇ ಕೃಷಿ ಜಮೀನಿನ ಅನುಭೋಗದಾರನಿಗೆ ಹೊಲಮನೆ ಕಟ್ಟಲು, ಬಾವಿ ಅಥವಾ ಕೆರೆ ಮಾಡಲು, ಸಾಗುವಳಿಗೆ ಬೇಕಾದ ಸುಧಾರಣೆ ಮಾಡಿಕೊಳ್ಳಲು ಹಕ್ಕು ಕೊಟ್ಟಿದೆ. ‘ಎನ್‌ಎ ಮಾಡಿಸಬೇಕು, ಇಷ್ಟು ಕೊಡಿ’ ಎಂದು ಯಾರಾದರೂ ಕೇಳಿದರೆ ಈ ಪ್ರಕರಣ ತೋರಿಸಿ. ಹೊಂಡವನ್ನು ರೆಸಾರ್ಟಿನ ಈಜುಕೊಳ ಮಾಡಿದರೆ ಅಥವಾ ನೀರು ಮಾರಲು ಹೊರಟರೆ ಮಾತು ಬೇರೆ.

ಆದರೆ ಈ ಹಕ್ಕಿಗೂ ಗಡಿ ಇದೆ. ಬಿ-ಖರಾಬು (ಸಾರ್ವಜನಿಕ ಬಳಕೆಗೆಂದು ಬಿಟ್ಟ, ಸಾಗುವಳಿಗಲ್ಲದ ಜಾಗ), ಹಳ್ಳ, ರಾಜಕಾಲುವೆ, ಬಂಡಿದಾರಿ, ಅರಣ್ಯ ಇವು ನಿಮ್ಮ ಬೇಲಿಯ ಒಳಗೇ ಇದ್ದರೂ ನಿಮ್ಮವಲ್ಲ. ಹರಿಯುವ ಹಳ್ಳಕ್ಕೆ ಅಡ್ಡ ಕಟ್ಟಿ ನೀರು ತಿರುಗಿಸುವುದು ಕೃಷಿ ಹೊಂಡವಲ್ಲ, ಅದಕ್ಕೆ ಬೇರೆಯೇ ಇಲಾಖೆಯ ಒಪ್ಪಿಗೆ ಬೇಕು.

ಇನ್ನು ಮಂಜೂರಾತಿ. ಸರ್ಕಾರದ ಸಹಾಯಧನ ಬೇಕಾದಾಗ ಮಾತ್ರ ಅದರ ಪ್ರಶ್ನೆ ಬರುತ್ತದೆ. ಕೃಷಿ ಇಲಾಖೆಯ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನ ಎಂಬ ಲೆಕ್ಕ ನಡೆದುಬಂದಿದೆ. ಈ ಶೇಕಡಾವಾರನ್ನು ನೀವು ಖರ್ಚು ಮಾಡಿದ ಹಣದ ಮೇಲೆ ಹಾಕುವುದಿಲ್ಲ. ಆ ಅಳತೆಯ ಹೊಂಡಕ್ಕೆ ಇಲಾಖೆ ಗೊತ್ತುಪಡಿಸಿದ ಘಟಕ ವೆಚ್ಚದ ಮೇಲೆ ಹಾಕುತ್ತಾರೆ. ಬಂಡೆ ಸಿಕ್ಕಿತು, ಯಂತ್ರದ ಬಾಡಿಗೆ ದುಪ್ಪಟ್ಟಾಯಿತು ಎಂದರೆ ಹೆಚ್ಚುವರಿ ಖರ್ಚು ನಿಮ್ಮ ಕೈಯಿಂದಲೇ ಹೋಗುತ್ತದೆ. ಇದು ಗೊತ್ತಿಲ್ಲದೆ ಸಾಲ ಮಾಡಿದವರನ್ನು ನೋಡಿದ್ದೇನೆ, ಅದಕ್ಕೇ ಮೊದಲಿಗೇ ಹೇಳುತ್ತಿದ್ದೇನೆ.

ಹಂತ 1: ದಾಖಲೆ ಸರಿಪಡಿಸಿಕೊಳ್ಳಿ

ಅತಿ ಹೆಚ್ಚು ಅರ್ಜಿಗಳು ಬೀಳುವುದು ಇಲ್ಲಿ. ಹೊಂಡಕ್ಕೂ ಇದಕ್ಕೂ ಏನು ಸಂಬಂಧ ಎನ್ನಿಸಬಹುದು. ಆದರೆ ಇಲಾಖೆಯ ಗಣಕಯಂತ್ರಕ್ಕೆ ನಿಮ್ಮ ಹೊಲ ಗೊತ್ತಿಲ್ಲ, ನಿಮ್ಮ ಪಹಣಿ ಮಾತ್ರ ಗೊತ್ತು.

ಹೊಸ ಪಹಣಿ ತೆಗೆಸಿ, ಕುಳಿತು ಓದಿ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದಲ್ಲಿ ಎ-ಖರಾಬು (ಸಾಗುವಳಿಗೆ ಬಾರದ, ಆದರೆ ನಿಮ್ಮದೇ ಆದ ಜಾಗ) ಎಷ್ಟು, ಬಿ-ಖರಾಬು ಎಷ್ಟು ಎಂದಿರುತ್ತದೆ. ಬಿ-ಖರಾಬು ಇದ್ದರೆ ಅದು ಹೊಲದ ಯಾವ ಮೂಲೆಯಲ್ಲಿದೆ ಎಂದು ಸರ್ವೆ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಅದು ಹಳ್ಳದ ಪಕ್ಕದ ತಗ್ಗು ಜಾಗ. ಹೊಂಡಕ್ಕೆ ಎಲ್ಲರ ಕಣ್ಣು ಬೀಳುವುದೂ ಅದರ ಮೇಲೆಯೇ. 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು ಇರುತ್ತದೆ. ಅಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ ಮುಂದಿನ ಹಂತಕ್ಕೆ ಹೋಗಲೇಬೇಡಿ. 11ನೇ ಕಾಲಂನಲ್ಲಿ ಹಕ್ಕು, ಋಣಗಳು. ಕೋರ್ಟಿನ ತಡೆಯಾಜ್ಞೆ ನಮೂದಾಗಿದ್ದರೆ ಅದು ಇತ್ಯರ್ಥವಾಗುವ ತನಕ ಹೊಂಡದ ಮಾತು ಬೇಡ.

ತಂದೆ ತೀರಿಕೊಂಡು ಹತ್ತು ವರ್ಷವಾಗಿದ್ದರೂ ಪಹಣಿ ಅವರ ಹೆಸರಲ್ಲೇ ಇರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕಿ. ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಬೇಕು, ತಕರಾರಿಗೆ ನೋಟಿಸಿನ ಅವಧಿ ಮುಗಿಯಬೇಕು. ಇದಕ್ಕೆ ವಾರಗಳು ಹಿಡಿಯುತ್ತವೆ, ಅಕ್ಕತಂಗಿಯರ ಸಹಿ ಬಾಕಿ ಇದ್ದರೆ ತಿಂಗಳುಗಳೇ ಆಗಬಹುದು. ಹೊಂಡದ ಅರ್ಜಿ ಕರೆದ ಮೇಲೆ ಓಡಿದರೆ ಕೈಗೂಡುವುದಿಲ್ಲ.

ಜಂಟಿ ಖಾತೆಯಾದರೆ ಉಳಿದ ಖಾತೆದಾರರ ಒಪ್ಪಿಗೆ ಪತ್ರವನ್ನು ಛಾಪಾ ಕಾಗದದ ಮೇಲೆ ಮಾಡಿಸಿಕೊಳ್ಳಿ. ಅದರಲ್ಲಿ ಸರ್ವೆ ನಂಬರ್, ಹೊಂಡದ ಅಳತೆ, ಯಾರ ಹೆಸರಿಗೆ ಸಹಾಯಧನ ಎಂಬ ಮೂರೂ ಇರಲಿ. ‘ನಮ್ಮಣ್ಣ ಏನೂ ಅನ್ನಲ್ಲ’ ಎಂಬ ಭರವಸೆಯ ಮೇಲೆ ಅರ್ಜಿ ಹಾಕಿದವರ ಅಣ್ಣ, ಹೊಂಡ ಅರ್ಧ ತೋಡಿದ ಮೇಲೆ ತಕರಾರು ಕೊಟ್ಟ ಉದಾಹರಣೆಗಳಿವೆ. ಅಣ್ಣನ ಮೇಲೆ ನಂಬಿಕೆ ಇದ್ದರೂ ಸಹಿ ಹಾಕಿಸಿಕೊಳ್ಳಿ, ಅದರಿಂದ ಇಬ್ಬರಿಗೂ ಒಳ್ಳೆಯದು.

ಪೋಡಿ (ಒಬ್ಬೊಬ್ಬರ ಪಾಲನ್ನು ಅಳೆದು ನಕ್ಷೆಯಲ್ಲಿ ಬೇರ್ಪಡಿಸುವುದು) ಆಗದ ಬಹುಮಾಲೀಕತ್ವದ ಸರ್ವೆ ನಂಬರಿನಲ್ಲಿ ಇನ್ನೊಂದು ತೊಡಕು. ನಿಮ್ಮ ಅನುಭವದಲ್ಲಿರುವ ತುಂಡು ಎಲ್ಲಿಂದ ಎಲ್ಲಿಗೆ ಎಂಬುದು ಕಾಗದದಲ್ಲಿ ಇರುವುದಿಲ್ಲ. ಪೋಡಿಗೆ ಅರ್ಜಿ ಹಾಕಿ. ಪೋಡಿಯಾಗಿದ್ದೂ ಗಡಿಕಲ್ಲು ಕಾಣೆಯಾಗಿದ್ದರೆ ಹದ್ದುಬಸ್ತು, ಅಂದರೆ ಸರ್ವೆಯರ್‌ನಿಂದ ಗಡಿ ಗುರುತು, ಮಾಡಿಸಿ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗ ಯಾವ ಸರ್ವೆ ನಂಬರಿಗೆ ಸೇರಿದ್ದು ಎಂದು ನೋಡಬಹುದು. ಅದು ಅಂದಾಜಿಗೆ ಮಾತ್ರ ಸರಿ. ಬದುವಿನ ಆಚೆ ಈಚೆ ನಿರ್ಧರಿಸಲು ಸರ್ವೆಯರ್ ಸರಪಳಿಯೇ ಬೇಕು.

ಇನ್ನು ಹೆಸರಿನ ತಾಳೆ. ಪಹಣಿಯಲ್ಲಿ ‘ಮಂಜಪ್ಪ’, ಆಧಾರ್‌ನಲ್ಲಿ ‘ಮಂಜುನಾಥ’, ಪಾಸ್‌ಬುಕ್ಕಿನಲ್ಲಿ ‘ಮಂಜುನಾಥಪ್ಪ’. ಊರಿಗೆಲ್ಲ ಗೊತ್ತು ಒಬ್ಬನೇ ಎಂದು, ತಂತ್ರಾಂಶಕ್ಕೆ ಮೂವರು. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಇದೆಯೇ, ಅದಕ್ಕೆ ಹೊಂಡ ತೋಡುವ ಸರ್ವೆ ನಂಬರು ಜೋಡಣೆಯಾಗಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ನೋಡಿಸಿ. ಬಹಳ ಜನರ ಎಫ್‌ಐಡಿಯಲ್ಲಿ ಹಳೆಯ ಒಂದು ಸರ್ವೆ ನಂಬರು ಮಾತ್ರ ಸೇರಿರುತ್ತದೆ. ಆಮೇಲೆ ಕೊಂಡದ್ದು, ಪಾಲಿಗೆ ಬಂದದ್ದು ಸೇರಿರುವುದಿಲ್ಲ. ಪರಿಶಿಷ್ಟರಾದರೆ ಜಾತಿಯ ವಿವರವೂ ಅಲ್ಲಿ ಸರಿಯಾಗಿ ದಾಖಲಾಗಿರಬೇಕು, ಇಲ್ಲವಾದರೆ ಶೇ 90ರ ಬದಲು ಶೇ 80ರ ಲೆಕ್ಕಕ್ಕೆ ಬೀಳುತ್ತೀರಿ.

ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದ್ದರೆ ಸಾಲದು, ನೇರ ವರ್ಗಾವಣೆ ಯಾವ ಖಾತೆಗೆ ಬರುವಂತೆ ಮ್ಯಾಪಿಂಗ್ ಆಗಿದೆ ಎಂದು ಬ್ಯಾಂಕಿನಲ್ಲೇ ವಿಚಾರಿಸಿ. ವರ್ಷಗಟ್ಟಲೆ ವ್ಯವಹಾರವಿಲ್ಲದೆ ನಿಂತುಹೋದ ಖಾತೆಗೆ ಮ್ಯಾಪಿಂಗ್ ಇದ್ದು ಹಣ ವಾಪಸ್ ಹೋದ ಪ್ರಕರಣ ಕಡಿಮೆಯೇನಿಲ್ಲ.

ಹಂತ 2: ಜಾಗ ನೋಡಿ, ಮಣ್ಣು ನೋಡಿ

ಮಳೆ ಸುರಿಯುವಾಗ ಕೊಡೆ ಹಿಡಿದು ಹೊಲಕ್ಕೆ ಹೋಗಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಕೂಡಿ ಹರಿಯುತ್ತದೆ, ಎಲ್ಲಿಂದ ಹೊರಬೀಳುತ್ತದೆ. ಇದನ್ನು ಬೇಸಿಗೆಯಲ್ಲಿ ಊಹಿಸಿ ತೋಡಿದ ಹೊಂಡಗಳೇ ಖಾಲಿ ನಿಂತಿರುವುದು. ತಗ್ಗಿನ ಕಡೆ, ಆದರೆ ಹಳ್ಳದ ಪಾತ್ರದಿಂದ ಸರಿದ ಜಾಗ ಬೇಕು. ಹಳ್ಳಕ್ಕೆ ತೀರಾ ಅಂಟಿಕೊಂಡರೆ ದೊಡ್ಡ ಮಳೆಗೆ ಹೂಳಿನ ಸಮೇತ ಹಳ್ಳವೇ ಹೊಂಡದೊಳಗೆ ನುಗ್ಗುತ್ತದೆ.

ಮಣ್ಣಿಗೆ ಪರೀಕ್ಷಾ ಗುಂಡಿ ತೆಗೆಯಲೇಬೇಕು. ಮೇಲೆ ಎರಡಡಿ ಜೇಡಿ ಕಂಡರೆ ತಳವೂ ಹಾಗೇ ಎಂದುಕೊಳ್ಳಬೇಡಿ. 3 ಮೀಟರ್ ಆಳದ ಹೊಂಡಕ್ಕೆ 3 ಮೀಟರ್‌ವರೆಗಿನ ಮಣ್ಣು ನೋಡಿರಬೇಕು. ಪಕ್ಕದಲ್ಲಿ ತೆರೆದ ಬಾವಿ ಇದ್ದರೆ ಅದರ ಗೋಡೆಯನ್ನೇ ನೋಡಿ ತಿಳಿಯಬಹುದು. ಒಂದು ಹಿಡಿ ಮಣ್ಣನ್ನು ನೀರಲ್ಲಿ ಕಲಸಿ ಎರಡು ಬೆರಳ ನಡುವೆ ಒತ್ತಿದಾಗ ಉದ್ದನೆ ಪಟ್ಟಿಯಾಗಿ ಬಂದರೆ ಜೇಡಿ ಚೆನ್ನಾಗಿದೆ. ಪುಡಿಪುಡಿಯಾದರೆ ಮರಳು, ಗರಸು. ಕೆಂಪು ಭೂಮಿ, ಗರಸು ಭೂಮಿಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸದೆ ನೀರು ನಿಲ್ಲುವುದಿಲ್ಲ. ಕಪ್ಪು ಎರೆ ಭೂಮಿಯಲ್ಲಿ ನೀರು ನಿಲ್ಲುತ್ತದೆ. ಆದರೆ ಬೇಸಿಗೆಯ ಬಿರುಕಿನಿಂದ ದಡ ಕುಸಿಯುವ ಭಯವಿದೆ. ಆದ್ದರಿಂದ ಇಳಿಜಾರು ಹೆಚ್ಚು ಓರೆಯಾಗಿರಬೇಕು. ಅದರ ಲೆಕ್ಕ ಮುಂದಿದೆ.

ಅರ್ಜಿಯಲ್ಲಿ ಕೇಳದಿದ್ದರೂ ಜಾಗದ ಬಗ್ಗೆ ಇನ್ನೂ ಮೂರು ಸಂಗತಿ ನೋಡಿ. ಮೇಲೆ ವಿದ್ಯುತ್ ತಂತಿ ಹಾದುಹೋಗಿರಬಾರದು, ಕಂಬದ ಬುಡ ಹತ್ತಿರವಿರಬಾರದು. ಹಿಟಾಚಿಯ ತೋಳು ಎಷ್ಟು ಎತ್ತರಕ್ಕೆ ಏಳುತ್ತದೆ ಎಂದು ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಎರಡನೆಯದು, ಪಕ್ಕದ ಹೊಲದ ಬದುವಿನಿಂದ ಕನಿಷ್ಠ 3 ಮೀಟರ್ ಒಳಗಿರಲಿ. ಇದು ನನ್ನ ಅನುಭವದ ಅಳತೆ. ದಡದ ಏರಿ, ಬೇಲಿ, ಓಡಾಡುವ ದಾರಿ ಮೂರಕ್ಕೂ ಅಷ್ಟು ಬೇಕಾಗುತ್ತದೆ. ಮೂರನೆಯದು, ಕೋಡಿ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ಅದು ಪಕ್ಕದವರ ಬೆಳೆಯ ಮೇಲೆ ಹರಿಯುವುದಾದರೆ ಆ ಜಾಗ ಕೈಬಿಡಿ.

ಹಂತ 3: ಅಳತೆ ಆರಿಸುವ ಮುನ್ನ ಲೆಕ್ಕ ಹಾಕಿ

‘ಹೇಗೂ ಸಹಾಯಧನ ಇದೆಯಲ್ಲ, ದೊಡ್ಡದೇ ಹಾಕಿ’ ಎನ್ನುವವರೇ ಹೆಚ್ಚು. ಕೃಷಿ ಭಾಗ್ಯದಲ್ಲಿ 10, 12, 15, 18, 21 ಮೀಟರ್ ಬದಿಯ ಚೌಕ ಹೊಂಡಗಳು, ಆಳ 3 ಮೀಟರ್ ಎಂಬ ಮಾದರಿಗಳು ಬಳಕೆಯಲ್ಲಿವೆ. 1:1 ಇಳಿಜಾರಿನಲ್ಲಿ (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಓರೆ) 21 ಮೀಟರ್ ಹೊಂಡದ ತಳ 15 ಮೀಟರ್ ಆಗುತ್ತದೆ. ಒಟ್ಟು ಹಿಡಿಯುವ ನೀರು 981 ಘನ ಮೀಟರ್, ಅಂದರೆ 9.81 ಲಕ್ಷ ಲೀಟರ್. 15 ಮೀಟರಿನದು 4.41 ಲಕ್ಷ ಲೀಟರ್, 12 ಮೀಟರಿನದು 2.52 ಲಕ್ಷ ಲೀಟರ್, 10 ಮೀಟರಿನದು 1.56 ಲಕ್ಷ ಲೀಟರ್. ಬದಿ 10ರಿಂದ 21 ಮೀಟರಿಗೆ ಏರಿದರೆ ನೀರು ಆರು ಪಟ್ಟು ದಾಟುತ್ತದೆ ಎಂಬುದನ್ನು ಗಮನಿಸಿ.

ಎರೆ ಅಥವಾ ಸಡಿಲ ಮಣ್ಣಿನಲ್ಲಿ 1:1 ಕಡಿದಾಯಿತು. ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಓರೆ ಕೊಡಿ. ಆಗ ಅದೇ 21 ಮೀಟರ್ ಹೊಂಡದಲ್ಲಿ 8.37 ಲಕ್ಷ ಲೀಟರ್ ಹಿಡಿಯುತ್ತದೆ. ಒಂದೂವರೆ ಲಕ್ಷ ಲೀಟರ್ ಕಡಿಮೆಯಾಯಿತೆಂದು ಮರುಗಬೇಡಿ. ಕಡಿದಾದ ದಡ ಮೊದಲ ಮಳೆಗೇ ಜಾರಿದರೆ ಹೋಗುವುದು ಅದಕ್ಕಿಂತ ಹೆಚ್ಚು.

ಈಗ ತುಂಬುತ್ತದೆಯೇ ಎಂಬ ಪ್ರಶ್ನೆ. ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಬೀಳುವ ನೀರು ಸುಮಾರು 1 ಲಕ್ಷ ಲೀಟರ್. ಉತ್ತ ಹೊಲ ಅದರ ಬಹುಪಾಲನ್ನು ಕುಡಿದುಬಿಡುತ್ತದೆ. ಐದರಲ್ಲಿ ಒಂದು ಪಾಲು ಹರಿದು ಬಂತೆಂದರೂ 20 ಸಾವಿರ ಲೀಟರ್. ಎರಡು ಎಕರೆಯ ನೀರಷ್ಟೇ ಬರುವ ಹೊಂಡ 21 ಮೀಟರಿನದಾದರೆ, ಅಂಥ ಇಪ್ಪತ್ತಕ್ಕೂ ಹೆಚ್ಚು ಮಳೆ ಬೇಕು. ನಿಮ್ಮ ಮೇಲಿನ ಹೊಲಗಳಿಂದ ನೀರು ಬರುವುದಿದ್ದರೆ ಮಾತ್ರ ದೊಡ್ಡ ಅಳತೆಗೆ ಹೋಗಿ. ಆ ನೀರು ನಾಳೆ ಅವರೂ ಹೊಂಡ ತೋಡಿದರೆ ನಿಲ್ಲಬಹುದು ಎಂಬ ಯೋಚನೆಯೂ ಇರಲಿ.

ಆವಿಯಾಗುವ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ದಿನಕ್ಕೆ 5 ಮಿ.ಮೀ. ಎಂದುಕೊಂಡರೂ ತುಂಬಿದ 21 ಮೀಟರ್ ಹೊಂಡದಿಂದ ಸುಮಾರು 2,200 ಲೀಟರ್ ಗಾಳಿಗೆ ಹೋಗುತ್ತದೆ. ತಿಂಗಳಿಗೆ 66 ಸಾವಿರ ಲೀಟರ್! ಹೊಂಡದ ನೀರು ಬೇಸಿಗೆಗೆ ಕೂಡಿಡುವ ಗಂಟಲ್ಲ, ಮುಂಗಾರಿನ ನಡುವೆ ಮಳೆ ಕೈಕೊಟ್ಟಾಗ ಬೆಳೆ ಉಳಿಸಿಕೊಳ್ಳುವ ನೀರು. ಒಂದು ಎಕರೆಗೆ 50 ಮಿ.ಮೀ. ಹಾಯಿಸಲು ಸುಮಾರು 2 ಲಕ್ಷ ಲೀಟರ್ ಬೇಕು. ತುಂಬಿದ 21 ಮೀಟರ್ ಹೊಂಡ ನಾಲ್ಕರಿಂದ ಐದು ಎಕರೆಗೆ ಒಂದು ಸಲ ಆಸರೆಯಾಗುತ್ತದೆ.

ಕೊಳವೆಬಾವಿಯಿಂದ ತುಂಬಿಸುತ್ತೇನೆ ಎಂಬ ಯೋಜನೆ ಮನಸ್ಸಿನಲ್ಲಿದ್ದರೆ ದಯವಿಟ್ಟು ಬಿಡಿ. ಆಳದಿಂದ ವಿದ್ಯುತ್ ಸುಟ್ಟು ಎತ್ತಿದ ನೀರನ್ನು ಬಿಸಿಲಿಗೆ ಹರಡಿ ಒಣಗಿಸಿದಂತೆ. ಅಂತರ್ಜಲಕ್ಕೂ ನಷ್ಟ, ನಿಮಗೂ ನಷ್ಟ. ಯೋಜನೆ ಇರುವುದು ಮಳೆನೀರಿಗೆ.

ಹಂತ 4: ಸರಿಯಾದ ಬಾಗಿಲಿಗೆ ಅರ್ಜಿ

ಹೊಂಡಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಮಳೆಯಾಶ್ರಿತ ಬೆಳೆಗಾರರಿಗೆ ಕೃಷಿ ಇಲಾಖೆಯ ಕೃಷಿ ಭಾಗ್ಯ, ಅರ್ಜಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ. ಹಣ್ಣು, ತರಕಾರಿ, ಹೂ ಬೆಳೆಯುವವರಿಗೆ ತೋಟಗಾರಿಕೆ ಇಲಾಖೆಯ ನೆರವು ಪ್ರತ್ಯೇಕ, ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಕೇಳಬೇಕು. ಗ್ರಾಮ ಪಂಚಾಯಿತಿ ಮೂಲಕ ಕೂಲಿ ಕೆಲಸವಾಗಿ ಮಾಡಿಸುವ ಹೊಂಡ ಮೂರನೆಯದು. ಅಲ್ಲಿ ಮಣ್ಣು ಅಗೆಯಬೇಕಾದದ್ದು ಜಾಬ್ ಕಾರ್ಡ್ ಇರುವ ಕೂಲಿಕಾರರು, ಯಂತ್ರ ತಂದರೆ ಕೆಲಸವೇ ರದ್ದು.

ಒಂದೇ ಹೊಂಡಕ್ಕೆ ಎರಡು ಕಡೆ ಅರ್ಜಿ ಹಾಕಬೇಡಿ. ಎಫ್‌ಐಡಿ ಬಂದ ಮೇಲೆ ಇದು ತಟ್ಟನೆ ಸಿಕ್ಕಿಬೀಳುತ್ತದೆ. ಹಿಂದೆ ಕೃಷಿ ಭಾಗ್ಯದಲ್ಲಿ ಒಮ್ಮೆ ಹೊಂಡ ಪಡೆದವರಿಗೆ ಮತ್ತೆ ಇಲ್ಲ. ಕನಿಷ್ಠ ಒಂದು ಎಕರೆ ಜಮೀನು ಇರಬೇಕು. ಯೋಜನೆ ಎಲ್ಲ ತಾಲ್ಲೂಕಿಗೂ ಇರುವುದಿಲ್ಲ, ಈ ವರ್ಷ ನಿಮ್ಮ ತಾಲ್ಲೂಕಿಗೆ ಗುರಿ (ಇಷ್ಟು ಹೊಂಡ ಎಂಬ ಹಂಚಿಕೆ) ಬಂದಿದೆಯೇ ಎಂದು ಮೊದಲು ಕೇಳಿ. ಬಂದಿಲ್ಲವಾದರೆ ಉಳಿದ ಎರಡು ದಾರಿ ನೋಡಿ.

ಅರ್ಜಿಯ ಜೊತೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಎಫ್‌ಐಡಿ ಸಂಖ್ಯೆ, ಫೋಟೋ, ಪರಿಶಿಷ್ಟರಾದರೆ ಜಾತಿ ಪ್ರಮಾಣಪತ್ರ, ಜಂಟಿ ಖಾತೆಯಾದರೆ ಒಪ್ಪಿಗೆ ಪತ್ರ. ಕೃಷಿ ಭಾಗ್ಯದಲ್ಲಿ ಹೊಂಡ ಒಂದೇ ಅಲ್ಲ, ಕ್ಷೇತ್ರ ಬದು, ಹಾಳೆ, ತಂತಿಬೇಲಿ, ಪಂಪ್‌ಸೆಟ್, ತುಂತುರು ಅಥವಾ ಹನಿ ನೀರಾವರಿ ಎಲ್ಲ ಒಂದೇ ಕಟ್ಟಿನಲ್ಲಿ ಬರುತ್ತವೆ. ಯಾವ ಯಾವ ಘಟಕ ಬೇಕೆಂದು ಅರ್ಜಿಯಲ್ಲೇ ಬರೆಯಿರಿ. ಆಮೇಲೆ ಸೇರಿಸುವುದು ಕಷ್ಟ.

ಅರ್ಜಿ ಕೊಟ್ಟು ‘ಸರಿ, ಹೇಳ್ತೀವಿ’ ಎಂಬ ಮಾತು ಕೇಳಿ ಬರಬೇಡಿ. ತಂತ್ರಾಂಶದಲ್ಲಿ ನಮೂದಾದ ಅರ್ಜಿ ಸಂಖ್ಯೆ ಅಥವಾ ದಿನಾಂಕ, ಮೊಹರು ಇರುವ ಸ್ವೀಕೃತಿ ಕೈಗೆ ಬರಬೇಕು. ನಾಳೆ ಜ್ಯೇಷ್ಠತೆಯ ಪ್ರಶ್ನೆ ಬಂದರೆ ನಿಮ್ಮ ಕೈಯಲ್ಲಿರುವ ಆಧಾರ ಅದೊಂದೇ. ಮೇಲೆ ಖಾಲಿ ಇರುವ ಯಾವ ಫಾರಂಗೂ ಸಹಿ ಹಾಕಬೇಡಿ, ಯಾರು ಎಷ್ಟೇ ಆತ್ಮೀಯವಾಗಿ ಕೇಳಿದರೂ.

ಹಂತ 5: ಸ್ಥಳ ಪರಿಶೀಲನೆ, ಕಾರ್ಯಾದೇಶ

ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಕಾರ್ಯಾದೇಶ ಲಿಖಿತವಾಗಿ ಕೈಗೆ ಬರುವ ತನಕ ಒಂದು ಬುಟ್ಟಿ ಮಣ್ಣನ್ನೂ ಎತ್ತಬೇಡಿ.

ಕಾರಣ ಸರಳ. ಅಧಿಕಾರಿ ಮೊದಲು ಬಂದು ಖಾಲಿ ಜಾಗದ ಫೋಟೋವನ್ನು ಜಿಪಿಎಸ್ ಗುರುತಿನೊಂದಿಗೆ ತೆಗೆಯಬೇಕು. ‘ಮೊದಲು’, ‘ನಂತರ’ ಎಂಬ ಎರಡು ಫೋಟೋ ಒಂದೇ ಜಾಗದ್ದು ಎಂದು ಸಾಬೀತಾದರೆ ಮಾತ್ರ ಬಿಲ್ಲು. ಮೊದಲೇ ತೋಡಿಬಿಟ್ಟರೆ ‘ಮೊದಲು’ ಎಂಬ ಫೋಟೋ ಎಲ್ಲಿಂದ ತರುತ್ತಾರೆ? ಹೊಂಡ ಕಣ್ಣೆದುರೇ ಇದ್ದರೂ ಅದು ಹಳೆಯ ಹೊಂಡವೆಂದೇ ಲೆಕ್ಕ. ನಮ್ಮ ಕಡೆಯ ಒಬ್ಬರು ‘ಹಿಟಾಚಿ ಪಕ್ಕದ ಹೊಲಕ್ಕೆ ಬಂದಿತ್ತು, ಬಾಡಿಗೆ ಉಳಿಯಿತು’ ಎಂದು ಮಂಜೂರಾತಿಗೆ ಹದಿನೈದು ದಿನ ಮೊದಲೇ ತೋಡಿಸಿದರು. ಉಳಿದದ್ದು ಯಂತ್ರದ ಸಾಗಣೆ ಬಾಡಿಗೆ, ಹೋದದ್ದು ಪೂರ್ತಿ ಸಹಾಯಧನ. ಆ ಮನೆಯ ಸಂಕಟ ಹತ್ತಿರದಿಂದ ನೋಡಿದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪರಿಶೀಲನೆಯ ದಿನ ನೀವೇ ಹೊಲದಲ್ಲಿರಿ. ಹೊಂಡದ ನಾಲ್ಕು ಮೂಲೆಗೆ ಗೂಟ ನೆಟ್ಟು ಸುಣ್ಣದ ಗೆರೆ ಹಾಕಿರಿ. ಅಧಿಕಾರಿ ಅವಸರದಲ್ಲಿ ರಸ್ತೆ ಬದಿಯಲ್ಲೇ ಫೋಟೋ ತೆಗೆದು ಹೊರಟರೆ ವಿನಯದಿಂದಲೇ ಗೂಟದ ಹತ್ತಿರ ಕರೆದೊಯ್ಯಿರಿ. ರಸ್ತೆ ಬದಿಯ ಜಿಪಿಎಸ್ ಗುರುತಿಗೂ ಕೊನೆಯ ಫೋಟೋಗೂ ತಾಳೆಯಾಗದೆ ಬಿಲ್ಲು ನಿಲ್ಲುತ್ತದೆ.

ಕಾರ್ಯಾದೇಶ ಬಂದಾಗ ಸರ್ವೆ ನಂಬರ್, ಹೊಂಡದ ಅಳತೆ, ಕೆಲಸ ಮುಗಿಸಬೇಕಾದ ದಿನಾಂಕ, ಮಂಜೂರಾದ ಘಟಕಗಳು ಸರಿಯಿವೆಯೇ ನೋಡಿ. ತಪ್ಪಿದ್ದರೆ ಅಂದೇ ತಿದ್ದಿಸಿ. ತೋಡುವಾಗ ಬಂಡೆ ಸಿಕ್ಕು ಜಾಗ ಬದಲಿಸಬೇಕಾಗಿ ಬಂದರೆ ಕೆಲಸ ನಿಲ್ಲಿಸಿ, ಬರಹದಲ್ಲಿ ತಿಳಿಸಿ, ಹೊಸ ಜಾಗದ ಫೋಟೋ ತೆಗೆಸಿ ಮುಂದುವರಿಯಿರಿ.

ಹಂತ 6: ಅಗೆತ

ಬಾಡಿಗೆಯನ್ನು ಗಂಟೆಗೆ ಮಾತಾಡುವುದಕ್ಕಿಂತ ಮುಗಿದ ಹೊಂಡದ ಅಳತೆಗೆ ಮಾತಾಡಿ. ಗಂಟೆ ಲೆಕ್ಕದಲ್ಲಿ ಕೆಲಸ ನಿಧಾನವಾಗುತ್ತದೆ, ಅಳತೆ ಲೆಕ್ಕದಲ್ಲಿ ಆಳ ಕಡಿಮೆಯಾಗುತ್ತದೆ. ಎರಡನೆಯದನ್ನು ಟೇಪು ಹಿಡಿದು ತಡೆಯಬಹುದು, ಮೊದಲನೆಯದನ್ನು ತಡೆಯಲಾಗದು.

ಚಾಲಕರು ಸಾಮಾನ್ಯವಾಗಿ ಮೇಲಿನ ಅಳತೆಗೇ ನೇರ ಗೋಡೆ ಕಡಿದು ಆಮೇಲೆ ಓರೆ ಮಾಡುತ್ತೇವೆ ಎನ್ನುತ್ತಾರೆ. ಬೇಡ. ತಳದ ಚೌಕವನ್ನೂ ಮೇಲಿನ ಚೌಕವನ್ನೂ ಎರಡು ಗೆರೆಗಳಲ್ಲಿ ಗುರುತಿಸಿ, ಒಳಗಿನ ಚೌಕವನ್ನು ಮೊದಲು 3 ಮೀಟರಿಗೆ ಇಳಿಸಿ, ನಂತರ ಹೊರಗಿನ ಗೆರೆಯಿಂದ ಓರೆ ಬಿಡಿಸಬೇಕು. ಅಳತೆ ಮಾಡುವ ಅಧಿಕಾರಿ ಮೇಲ್ಬದಿ, ತಳ, ಆಳ ಮೂರನ್ನೂ ಹಿಡಿಯುತ್ತಾರೆ. ತಳ ಒಂದು ಮೀಟರ್ ಕಿರಿದಾದರೂ ಘನ ಅಳತೆ ಇಳಿದು ಬಿಲ್ಲು ಇಳಿಯುತ್ತದೆ. ಯಂತ್ರ ಹೊಲ ಬಿಡುವ ಮೊದಲು ನೀವೇ ಟೇಪು ಹಿಡಿಯಿರಿ.

ತೆಗೆದ ಮಣ್ಣನ್ನು ಅಂಚಿಗೇ ಸುರಿಯಬೇಡಿ. ಒಂದು ಮೀಟರ್ ಬಿಟ್ಟು ಸುತ್ತ ಏರಿ ಕಟ್ಟಿ, ತುಳಿಸಿ ಗಟ್ಟಿ ಮಾಡಿ. ಮೇಲ್ಮಣ್ಣು ಬೇರೆ ರಾಶಿ ಹಾಕಿ ಹೊಲಕ್ಕೆ ಹರಡಿ. ತಳದ ಗರಸು ಹೊಲಕ್ಕೆ ಬಿದ್ದರೆ ಆ ಜಾಗ ಮೂರು ನಾಲ್ಕು ಬೆಳೆ ಸುಮ್ಮನಿರುತ್ತದೆ. ಇಟ್ಟಿಗೆ ಗೂಡಿನವರೋ ರಸ್ತೆ ಗುತ್ತಿಗೆದಾರರೋ ಬಂದು ‘ಮಣ್ಣು ನಮಗೆ ಕೊಡಿ, ಪುಕ್ಕಟೆ ತೋಡಿಕೊಡುತ್ತೇವೆ’ ಎಂದಾಗ ಆಸೆಯಾಗುವುದು ಸಹಜ. ಎಚ್ಚರ. ಏರಿ, ರಸ್ತೆ, ಕಟ್ಟಡಗಳ ಭರ್ತಿಗೆ ಬಳಸುವ ಸಾಮಾನ್ಯ ಮಣ್ಣು 2000ನೇ ಇಸವಿಯಿಂದ ಉಪಖನಿಜದ ಪಟ್ಟಿಯಲ್ಲಿದೆ. ಹೊಲದಿಂದ ಹೊರಗೆ ಸಾಗಿಸಿ ಮಾರಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ, ರಾಜಧನ ಬೇಕು. ಲಾರಿ ಹಿಡಿದರೆ ಜಮೀನಿನ ಮಾಲೀಕರ ಹೆಸರೂ ಕೇಸಿಗೆ ಬರುತ್ತದೆ. ಅಲ್ಲದೆ ಪುಕ್ಕಟೆ ತೋಡುವವರಿಗೆ ಬೇಕಾದದ್ದು ಮಣ್ಣು, ಹೊಂಡವಲ್ಲ. ಮಂಜೂರಾದ ಅಳತೆ ಮೀರಿ ಅಡ್ಡಾದಿಡ್ಡಿ ಬಗೆದು ಹೋಗುತ್ತಾರೆ.

ನೀರು ಬರುವ ಬಾಯಿಯ ಮುಂದೆ ಎರಡು ಮೀಟರ್ ಚೌಕದ, ಒಂದು ಮೀಟರ್ ಆಳದ ಹೂಳುಗುಂಡಿ ಮಾಡಿಸಿ. ಅದಕ್ಕೆ ಯಂತ್ರ ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಅದಿಲ್ಲದ ಹೊಂಡ ಕೆಲವೇ ವರ್ಷಗಳಲ್ಲಿ ಅರ್ಧ ತುಂಬಿರುತ್ತದೆ, ಹೂಳಿನಿಂದ. ಕೋಡಿಯನ್ನು ಒಳಬಾಯಿಗಿಂತ ತುಸು ತಗ್ಗಿನಲ್ಲಿ, ಕಲ್ಲು ಹಾಸಿ ಮಾಡಿ. ಕೋಡಿ ಇಲ್ಲದಿದ್ದರೆ ನೀರು ತನಗೆ ಬೇಕಾದ ಕಡೆ ಏರಿ ಒಡೆದುಕೊಂಡು ಹೋಗುತ್ತದೆ.

ಹಂತ 7: ಹಾಳೆ ಮತ್ತು ಬೇಲಿ

ಹಾಳೆಯ ಮೇಲೆ ಐಎಸ್ 15351 ಎಂಬ ಗುರುತು ಮುದ್ರಿತವಾಗಿದೆಯೇ ನೋಡಿ, ಎಷ್ಟು ಮೈಕ್ರಾನ್ ಎಂದು ಕಾರ್ಯಾದೇಶಕ್ಕೆ ಹೋಲಿಸಿ. ಎಷ್ಟು ಹಾಳೆ ಬೇಕೆಂಬ ಲೆಕ್ಕದಲ್ಲೂ ಮೋಸ ಹೋಗುತ್ತಾರೆ. 21 ಮೀಟರ್ ಹೊಂಡಕ್ಕೆ 441 ಚದರ ಮೀಟರ್ ಸಾಕೆಂದು ಅನಿಸುತ್ತದೆ. ಆದರೆ ಹಾಳೆ ಓರೆಯ ಮೇಲೆ ಇಳಿದು, ತಳ ಹಾಯ್ದು, ಮತ್ತೆ ಓರೆ ಹತ್ತಬೇಕು. ಒಂದು ಬದಿಯಿಂದ ಇನ್ನೊಂದು ಬದಿಗೆ ಸುಮಾರು 23.5 ಮೀಟರ್, ಅಂಚಿನಲ್ಲಿ ಹೂಳಲು ಎರಡೂ ಕಡೆ ಒಂದೊಂದು ಮೀಟರ್. ಹೀಗೆ 25.5 ಮೀಟರ್ ಚೌಕ, 650 ಚದರ ಮೀಟರ್ ಬೇಕು.

ಹಾಸುವ ಮೊದಲು ಕಲ್ಲು, ಬೇರು, ಕೂಳೆ ಒಂದೂ ಉಳಿಯದಂತೆ ಆರಿಸಿ. ಇಲಿ, ಏಡಿ ಬಿಲಗಳನ್ನು ಮುಚ್ಚಿ. ಬೆಳಗಿನ ತಂಪಿನಲ್ಲಿ ಹಾಸಿ, ಬಿಗಿಯಾಗಿ ಎಳೆಯದೆ ತುಸು ಸಡಿಲ ಬಿಡಿ. ಅಂಚನ್ನು ಒಂದೂವರೆಯಿಂದ ಎರಡು ಅಡಿ ಆಳದ ಕಾಲುವೆಯಲ್ಲಿ ಹೂತು ಮಣ್ಣು ತುಂಬಿ. ಅಂದೇ ತಳಕ್ಕೆ ಸ್ವಲ್ಪ ನೀರು ಬಿಟ್ಟರೆ ಗಾಳಿಗೆ ಹಾಳೆ ಏಳುವುದಿಲ್ಲ.

ಬೇಲಿಯನ್ನು ‘ಆಮೇಲೆ ನೋಡೋಣ’ ಎನ್ನಬೇಡಿ. ಹಾಳೆ ಹಾಸಿದ ಹೊಂಡ ಬಾವಿಗಿಂತ ಅಪಾಯಕಾರಿ. ಪಾಚಿ ಕಟ್ಟಿದ ಪ್ಲಾಸ್ಟಿಕ್ ಓರೆಯ ಮೇಲೆ ಈಜು ಬಲ್ಲವರಿಗೂ ಹತ್ತಿ ಬರಲಾಗುವುದಿಲ್ಲ. ಮಕ್ಕಳು, ದನ ಕಾಯುವವರು, ಉಳಿಸಲು ಹೋದವರು ಒಟ್ಟೊಟ್ಟಿಗೆ ಜೀವ ಕಳೆದುಕೊಂಡಿದ್ದಾರೆ. ತಂತಿಬೇಲಿ, ಬೀಗವಿರುವ ಗೇಟು, ನಾಲ್ಕೂ ಬದಿಯಲ್ಲಿ ಗಂಟು ಹಾಕಿ ನೀರಿನ ತನಕ ಇಳಿಬಿಟ್ಟ ದಪ್ಪ ಹಗ್ಗ, ಎರಡು ಮೂರು ಗಾಳಿ ತುಂಬಿದ ಹಳೆಯ ಟ್ಯೂಬು. ಮಂಜೂರಾತಿಯಲ್ಲಿ ಬೇಲಿ ಬರದಿದ್ದರೂ ಸ್ವಂತ ಖರ್ಚಿನಲ್ಲಿ ಹಾಕಿಸಿ. ಬೇಲಿ ಆಗುವ ತನಕ ನೀರು ತುಂಬಲು ಬಿಡಬೇಡಿ, ಒಳಬಾಯಿಗೆ ಮಣ್ಣು ಕಟ್ಟಿಡಿ.

ಹಂತ 8: ಅಂತಿಮ ಅಳತೆ, ಬಿಲ್ಲು

ಹೊಂಡದಲ್ಲಿ ನೀರು ನಿಂತರೆ ತಳದ ಅಳತೆ ಸಿಗುವುದಿಲ್ಲ. ಅಗೆತ ಮುಗಿದ ಕೂಡಲೇ, ಮಳೆಗೆ ಮುನ್ನ, ಹಾಳೆ ಹಾಸುವ ಮುನ್ನ ಅಳತೆ ಮಾಡಿಸಿ. ಹಾಳೆ, ಬೇಲಿ ಮುಗಿದ ಮೇಲೆ ಮತ್ತೊಮ್ಮೆ ಫೋಟೋ. ಯಂತ್ರದ ಬಾಡಿಗೆ, ಹಾಳೆ, ಪಂಪು ಎಲ್ಲದರ ಜಿಎಸ್‌ಟಿ ಬಿಲ್ಲು ನಿಮ್ಮ ಹೆಸರಲ್ಲಿ, ಪಹಣಿಯಲ್ಲಿರುವ ಹಾಗೆಯೇ ಬರೆಯಿಸಿ. ಬಿಲ್ಲಿನ ದಿನಾಂಕ ಕಾರ್ಯಾದೇಶದ ನಂತರದ್ದಿರಬೇಕು.

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಕೊಟ್ಟ ಬಿಲ್ಲು ಮುಂದಿನ ವರ್ಷದ ಅನುದಾನಕ್ಕೆ ಕಾಯುತ್ತ ಕೂರುವುದುಂಟು. ಫೆಬ್ರವರಿಯೊಳಗೆ ಕಡತ ಕಚೇರಿ ಸೇರುವಂತೆ ನೋಡಿಕೊಳ್ಳಿ.

ನಿಲ್ಲಿ ಎನ್ನುವ ಲಕ್ಷಣಗಳು

ದಲ್ಲಾಳಿಯೊಬ್ಬ ‘ಎಲ್ಲ ನಾನೇ ಮಾಡಿಸುತ್ತೇನೆ, ಸಹಾಯಧನ ಬಂದ ಮೇಲೆ ಪಾಲು ಕೊಡಿ’ ಎಂದು ನಿಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್ ಕೇಳುವುದು. ಹಳೆಯ ಹೊಂಡವನ್ನೇ ಕೆರೆದು ಹೊಸದೆಂದು ತೋರಿಸೋಣ ಎನ್ನುವುದು. ಮೊಬೈಲಿಗೆ ಬಂದ ಓಟಿಪಿ ಕೇಳುವುದು. ‘ಮೌಖಿಕವಾಗಿ ಆಗಿದೆ, ಶುರು ಮಾಡಿ’ ಎನ್ನುವುದು. ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ ರೈತ ಸಂಪರ್ಕ ಕೇಂದ್ರಕ್ಕೆ ನೀವೇ ಹೋಗಿ. ಸುಳ್ಳು ಹೊಂಡ ಪತ್ತೆಯಾದರೆ ಹಣ ವಸೂಲಿಯಾಗುವುದು ರೈತನಿಂದ, ದಲ್ಲಾಳಿಯಿಂದಲ್ಲ.

ಅರ್ಜಿ ತಿರಸ್ಕಾರವಾದರೆ

ಕಾರಣ ಬರಹದಲ್ಲಿ ಕೇಳಿ. ‘ಗುರಿ ಮುಗಿದಿದೆ’ ಎಂದಾದರೆ ಅದು ತಿರಸ್ಕಾರವಲ್ಲ, ಮುಂದಿನ ವರ್ಷದ ಪಟ್ಟಿಗೆ ನಿಮ್ಮ ಅರ್ಜಿ ಹೋಗುತ್ತದೆಯೇ ಅಥವಾ ಹೊಸದಾಗಿ ಹಾಕಬೇಕೇ ಎಂದು ಕೇಳಿಕೊಳ್ಳಿ. ‘ದಾಖಲೆ ಸರಿಯಿಲ್ಲ’ ಎಂದರೆ ಯಾವ ದಾಖಲೆ, ಏನು ತಪ್ಪು ಎಂದು ಬರೆಸಿಕೊಳ್ಳಿ, ಅದೊಂದನ್ನೇ ಸರಿಪಡಿಸಿ ಮತ್ತೆ ಕೊಡಿ. ಹೋಬಳಿಯಲ್ಲಿ ಉತ್ತರ ಸಿಗದಿದ್ದರೆ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ಸ್ವೀಕೃತಿಯ ಪ್ರತಿ ಲಗತ್ತಿಸಿ ಮನವಿ ಕೊಡಿ. ಆಗಲೂ ಮೌನವೇ ಆದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಿಮ್ಮ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮ, ಆ ವರ್ಷದ ಫಲಾನುಭವಿಗಳ ಪಟ್ಟಿ, ಅವರ ಅರ್ಜಿ ದಿನಾಂಕಗಳು, ಈ ಮೂರನ್ನು ಮಾತ್ರ ಕೇಳಿ. 30 ದಿನದೊಳಗೆ ಉತ್ತರಿಸಬೇಕು. ಬಿಪಿಎಲ್ ಕುಟುಂಬವಾದರೆ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಇಟ್ಟರೆ ಸಾಕು.

ಆ ಉತ್ತರ ಬರುವ ತನಕವೂ ಹಿಟಾಚಿಯವನಿಗೆ ಮುಂಗಡ ಕೊಡಬೇಡಿ.